ಬೋಗುಣಿ ಉರುಳಿದ ಸದ್ದು

ಊರಿನ ತಾಮ್ರದ ಪಾತ್ರೆಗಳಿಗೆಲ್ಲ ಕಲಾಯಿ ಹಾಕುವವನು ನಾನು. ಹನ್ನೊಂದು ವರ್ಷ ಅವುಗಳಲ್ಲಿ ಒಂದರಲ್ಲೂ ಕೈಯಿಟ್ಟು ಉಣ್ಣದವನೂ ನಾನೇ. ಜನ ನನ್ನನ್ನು ಜಿಪುಣ ಎಂದರು, ಗರ್ವಿ ಎಂದರು, ಹೊಟ್ಟೆಯಲ್ಲಿ ಹುಣ್ಣಿರಬೇಕು ಎಂದು ಕನಿಕರವನ್ನೂ ಪಟ್ಟರು. ಅಂದುಕೊಳ್ಳಲಿ ಎಂದು ಬಿಟ್ಟಿದ್ದೆ. ನನ್ನದೊಂದು ಪುಟ್ಟ ಪಾತ್ರೆ, ಒಂದು ಚಮಚ, ಚಹಾಕ್ಕೆ ಒಂದು ಗಾಜಿನ ಲೋಟ. ನನ್ನ ಅನ್ನ ನಾನೇ ಬೇಯಿಸಿ, ಬಾಗಿಲು ಹಾಕಿಕೊಂಡು ಉಣ್ಣುತ್ತಿದ್ದೆ. ಯಾಕೆಂದರೆ ಈ ಊರಿನಲ್ಲಿ ಇಬ್ಬರು ಒಂದೇ ಪಾತ್ರೆಯಿಂದ ಉಂಡು ಒಂದು ನಿದ್ದೆ ತೆಗೆದು ಎದ್ದರೆ ಒಬ್ಬರ ನೆನಪು ಇನ್ನೊಬ್ಬರದಾಗಿರುತ್ತದೆ.

ಊರಿಗೆ ಹೆಸರಿಲ್ಲ. ಬಂದವರೆಲ್ಲ ಎರಡು ತಿಂಗಳ ಮಟ್ಟಿಗೆ ಎಂದುಕೊಂಡು ಬಂದವರು. ಎರಡು ತಿಂಗಳ ಬಾಳಿಗೆ ಯಾರು ಹೆಸರಿಡುತ್ತಾರೆ? ಮೋಸುಲಿನವರು, ಬಸ್ರಾದವರು, ಬಾಗ್ದಾದಿನ ಗಲ್ಲಿಯವರು, ಗುಡ್ಡಗಾಡಿನ ಯಜೀದಿಗಳು, ಹರಿಯುವ ನೀರಿನಲ್ಲಿ ಮುಳುಗಿ ಪ್ರಾರ್ಥಿಸುವ ಮಾಂದಾಯಿಗಳು, ಹೀಗೆ ಇರಾಕಿನ ಮೂಲೆ ಮೂಲೆಯಿಂದ ಎದ್ದು ಬಂದವರು ಇಲ್ಲಿ ಒಲೆ ಹೂಡಿದ್ದಾರೆ. ಹೊಸದರಲ್ಲಿ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುತ್ತಿರಲಿಲ್ಲವಂತೆ. ಆಮೇಲೆ ಊಟದ ಮಹಿಮೆ ಶುರುವಾಯಿತು. ಚರ್ಚಿನ ಮೆಟ್ಟಿಲು ಹತ್ತದ ಹಾಜಿಯೊಬ್ಬರಿಗೆ ಗಂಟೆಯ ಹಗ್ಗ ಎಳೆದಾಗ ಅಂಗೈ ಉರಿಯುವುದು ಹೇಗೆಂದು ಗೊತ್ತು. ಹೊಳೆಯನ್ನೇ ಕಾಣದ ಗುಡ್ಡದ ಹೆಂಗಸಿಗೆ ದಜ್ಲಾ ನದಿಯ ದಂಡೆಯಲ್ಲಿ ಮೀನು ಸೀಳಿ ಬೆಂಕಿಯ ಸುತ್ತ ನಿಲ್ಲಿಸುವ ಕೈಚಳಕ ನೆನಪಿದೆ. ಜಗಳಗಳು ಅರ್ಧದಲ್ಲೇ ನಿಂತುಬಿಡುತ್ತವೆ. ತಾಯಿಯ ಹೆಸರು ಹಿಡಿದು ಬೈಯಲು ಬಾಯಿ ತೆರೆದವನಿಗೆ ಅದೇ ತಾಯಿ ತನ್ನ ತಲೆ ಬಾಚಿದ್ದು ನೆನಪಾಗುತ್ತದೆ. ಆಮೇಲೆ ಏನು ಬೈಯುವುದು? ಇದು ಒಳ್ಳೆಯದೋ ಕೆಟ್ಟದ್ದೋ ನನಗೆ ಇವತ್ತಿಗೂ ತಿಳಿಯದು. ಈ ಊರಿನಲ್ಲಿ ಯಾರೂ ಅನಾಥರಲ್ಲ, ಆದರೆ ನಮ್ಮಮ್ಮ ಎಂದು ಬೆರಳು ಮಾಡಿ ತೋರಿಸುವ ಧೈರ್ಯವೂ ಯಾರಿಗೂ ಇಲ್ಲ.

ನನಗೆ ಬೇಡವಾಗಿತ್ತು. ನನಗೆ ಕಾಪಾಡಿಕೊಳ್ಳಬೇಕಾದ್ದೊಂದಿತ್ತು. ಅದನ್ನು ಈಗ ಹೇಳುತ್ತೇನೆ. ನೆನಪಿನಿಂದಲ್ಲ, ಒಂದು ಚೀಟಿ ನೋಡಿಕೊಂಡು. ಯಾಕೆಂಬುದು ಮುಂದೆ ಗೊತ್ತಾಗುತ್ತದೆ.

ಚೀಟಿಯಲ್ಲಿ ನನ್ನದೇ ಅಕ್ಷರದಲ್ಲಿ ಹೀಗಿದೆ: ಬೆಳಗಿನ ಹೊತ್ತು. ಮನೆಯ ಮುಂದೆ ಮೂರು ಕಲ್ಲಿನ ಮೆಟ್ಟಿಲು. ಗಂಡಸೊಬ್ಬ ಹೆಗಲಿಗೆ ಚೀಲ ಹಾಕಿಕೊಂಡು ಹೊರಟಿದ್ದಾನೆ. ತಾಮ್ರದ ಬೋಗುಣಿಯಿಂದ ನೀರು ಹಾರಿ ಅವನ ಹಿಂದೆ ಮಣ್ಣಿನ ಮೇಲೆ ಬೀಳುತ್ತದೆ. ಬೋಗುಣಿ ಕೈಜಾರಿ ಮೆಟ್ಟಿಲ ಮೇಲೆ ಟಣ್ ಟಣ್ ಎಂದು ಉರುಳಿ ಕೆಳಗೆ ಗಿರ್ರನೆ ಸುತ್ತಿ ನಿಲ್ಲುತ್ತದೆ. ಅವನು ತಿರುಗಿ ನೋಡುವುದಿಲ್ಲ.

ನಮ್ಮಲ್ಲಿ ದೂರ ಹೊರಟವರ ಹಿಂದೆ ನೀರು ಚೆಲ್ಲುತ್ತಾರೆ. ನೀರು ಹೇಗೆ ದಾರಿ ಹುಡುಕಿಕೊಂಡು ಬರುತ್ತದೋ ಹಾಗೆ ಹೋದವರೂ ತಿರುಗಿ ಬರಲಿ ಎಂದು. ಮುಸ್ಲಿಮರೂ ಚೆಲ್ಲುತ್ತಾರೆ, ಕ್ರೈಸ್ತರೂ ಚೆಲ್ಲುತ್ತಾರೆ, ಎಲ್ಲರ ಅಜ್ಜಿಯರೂ ಅದು ತಮ್ಮದೇ ಪದ್ಧತಿ ಎಂದು ವಾದಿಸುತ್ತಾರೆ. ಒಂದೇ ನಿಯಮ: ಹೊರಟವನು ತಿರುಗಿ ನೋಡಬಾರದು. ನೋಡಿದರೆ ನೀರು ಚೆಲ್ಲಿದ್ದು ದಂಡ. ನನ್ನ ಹೆಂಡತಿ ನಜೀಹಾ ನನ್ನ ಹಿಂದೆ ನೀರು ಚೆಲ್ಲಿದಳು, ಕೈಜಾರಿ ಬೋಗುಣಿ ಬೀಳಿಸಿದಳು, ನಾನು ನಿಯಮ ಮೀರದೆ ನಡೆದೆ ಎಂದು ನಾನು ನಂಬಿದ್ದೆ. ಅವಳನ್ನು ಕುರಿತು ಬೇರೆ ನೆನಪುಗಳೂ ಇದ್ದವು, ಮದುವೆಯದು, ಜಗಳದ್ದು, ಅವಳ ಹಿಟ್ಟು ಮೆತ್ತಿದ ಮೊಣಕೈಯದು. ಆದರೆ ಕೊನೆಯದು ಇದೊಂದೇ. ಆಮೇಲೆ ಸೇತುವೆ ಮುಚ್ಚಿದರು, ಜನ ನೂಕಿದರು, ನಾನು ಈಚೆ ದಡದಲ್ಲಿ ಉಳಿದೆ. ನಮ್ಮ ಬೀದಿ ಇಲ್ಲವಾಯಿತು ಎಂದು ಕೇಳಿದೆ, ಅವಳ ಸುದ್ದಿ ಮಾತ್ರ ಯಾರಿಂದಲೂ ಬರಲಿಲ್ಲ. ಈಚೆ ದಡದಲ್ಲಿ ಮಳೆಯಲ್ಲಿ ನಿಂತಾಗ ನನ್ನ ಕೈಯಲ್ಲಿ ಒಂದು ಒದ್ದೆ ಕಾಗದದ ಪೊಟ್ಟಣವಿತ್ತು. ಬಿಚ್ಚಿದರೆ ಒಳಗೆ ಏನೂ ಇರಲಿಲ್ಲ. ಅದನ್ನು ಜೇಬಿಗೆ ತುರುಕಿದೆ. ಒಣಗಿದ ಮೇಲೆ ಜೇಬಿನ ಬಟ್ಟೆ ಗಂಜಿ ಹಾಕಿದ ಹಾಗೆ ಗಡುಸಾಗಿತ್ತು. ಖಾಲಿ ಪೊಟ್ಟಣ ಹಿಡಿದುಕೊಂಡು ಊರು ಬಿಡುವ ಮೂರ್ಖ ನಾನೊಬ್ಬನೇ ಇರಬೇಕು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಈ ಊರಿಗೆ ಬಂದ ದಿನ ಮಾತ್ರ ನಾನು ಇನ್ನೊಬ್ಬರ ಜೊತೆ ಉಂಡಿದ್ದೆ. ಊರಿನವರೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಶಮೀರಾನ್ ತಟ್ಟೆ ಮುಂದಿಟ್ಟು, ಒಬ್ಬನೇ ಉಣ್ಣಬಾರದು ಎಂದು ತಾವೂ ನನ್ನ ಎದುರಿಗೆ ಕೂತು ಅದರಿಂದಲೇ ನಾಲ್ಕು ತುತ್ತು ತಿಂದರು. ಮೂರು ದಿನದ ಹಸಿವಿನಲ್ಲಿದ್ದ ನಾನು ಏನೂ ಕೇಳಲಿಲ್ಲ. ಮಾರನೆಯ ದಿನ ಎದ್ದಾಗ ಗೋಧಿ ಹೊಲದ ನಡುವೆ ನಿಂತ ಬಿಳಿಯ ಹೇಸರಗತ್ತೆಯೊಂದು ನನ್ನ ತಲೆಯಲ್ಲಿತ್ತು. ಬಾಗ್ದಾದಿನಲ್ಲಿ ಹುಟ್ಟಿದವನಿಗೆ ಗೋಧಿ ಹೊಲ ಎಲ್ಲಿಂದ ಬರಬೇಕು? ಆಗ ಊರಿನವರು ನಗುತ್ತ ವಿಷಯ ಹೇಳಿದರು. ಹೇಸರಗತ್ತೆ ಬಂದರೆ ಬರಲಿ, ಅದಕ್ಕೆ ಬದಲಾಗಿ ನನ್ನದೇನು ಹೋಯಿತು ಎಂದು ಕೇಳಿದೆ. ಅದು ಯಾರಿಗೂ ಗೊತ್ತಾಗುವುದಿಲ್ಲ ಎಂದರು. ಹೋದ ನೆನಪು ಖಾಲಿ ಜಾಗ ಬಿಟ್ಟುಹೋಗುವುದಿಲ್ಲ. ಬಸ್ಸಿನ ಸೀಟಿನಲ್ಲಿ ಒಬ್ಬ ಎದ್ದರೆ ಅಕ್ಕಪಕ್ಕದವರು ಸರಿದು ಕೂರುತ್ತಾರಲ್ಲ, ಹಾಗೆ. ಅವತ್ತೇ ನನ್ನ ಪುಟ್ಟ ಪಾತ್ರೆ ಕೊಂಡೆ.

ಶಮೀರಾನ್ ಖಾಲಾ ನನಗೆ ತದ್ವಿರುದ್ಧ. ಮೋಸುಲಿನ ಆಚೆಯ ಬಯಲಿನ ಕ್ರೈಸ್ತರು ಅವರು, ಈಗ ಎಪ್ಪತ್ತಾರು ವಯಸ್ಸು. ಬಂದವರಿಗೆಲ್ಲ ಉಣ್ಣಿಸಿದರು, ಎಲ್ಲರ ಜೊತೆಗೂ ಉಂಡರು. ಶುಕ್ರವಾರ ಅವರ ಮನೆಯಲ್ಲಿ ದೋಲ್ಮಾ. ಈರುಳ್ಳಿಯ ಪದರ, ದ್ರಾಕ್ಷಿ ಎಲೆಗಳಲ್ಲಿ ಅಕ್ಕಿ ಕೀಮಾ ಸುತ್ತಿ, ದೊಡ್ಡ ಪಾತ್ರೆಯಲ್ಲಿ ಒತ್ತಾಗಿ ಜೋಡಿಸಿ ಬೇಯಿಸಿ, ಕೊನೆಗೆ ಪಾತ್ರೆಯನ್ನೇ ತಟ್ಟೆಗೆ ಬೋರಲು ಹಾಕುತ್ತಾರೆ. ಅವರ ಕಡೆಯವರು ಅದಕ್ಕೆ ಹಾಕುವುದು ಕೆಂಪು ಹುಳಿಕಾಳಿನ ಪುಡಿ, ಬಸ್ರಾದವರು ಹಾಕುವುದು ಹುಣಸೆ, ನಮ್ಮವರದು ದಾಳಿಂಬೆಯ ಪಾಕ. ಖಾಲಾ ಅವರ ಕೈ ಈಗ ಮೂರೂ ಕಡೆ ಹೋಗುತ್ತದೆ, ಅವರಿಗೇ ಗೊತ್ತಾಗದ ಹಾಗೆ. ಅದು ಯಾವ ಊರಿನ ರುಚಿ ಎಂದು ಯಾರೂ ಹೇಳಲಾರರು; ಎಲ್ಲರೂ ನಮ್ಮಮ್ಮ ಮಾಡಿದ ಹಾಗೇ ಇದೆ ಎನ್ನುತ್ತಾರೆ. ಅವರದೊಂದು ಹುಚ್ಚೆಂದರೆ ಉಪ್ಪು. ಯಜೀದಿ ದಖೀಲನ ಅಂಗಡಿಗೆ ಹೋದಾಗಲೆಲ್ಲ ಉಪ್ಪು ತರುತ್ತಿದ್ದರು. ಗೋಡೆಯುದ್ದಕ್ಕೂ ಉಪ್ಪಿನ ಜಾಡಿಗಳು. ಈ ಊರಿಗೆಲ್ಲ ಉಪ್ಪಿನಕಾಯಿ ಹಾಕ್ತೀರಾ ಎಂದು ನಾನೇ ರೇಗಿಸಿದ್ದೆ. ಉಪ್ಪು ತರೋಕೆ ಯಾರೋ ಹೇಳಿದ ಹಾಗಿರುತ್ತೆ ಕಾಜಿಮ್, ಯಾರು ಅಂತ ತಿಳಿಯದು, ತಂದರೆ ಏನು ಗಂಟು ಹೋಗುತ್ತೆ ಎಂದು ಅವರೂ ನಕ್ಕಿದ್ದರು.

ಹೋದ ಚಳಿಗಾಲದಲ್ಲಿ ಅವರಿಗೊಂದು ಕಾಗದ ಬಂತು. ಅವರ ಮಗ ಬೆಹ್ನಾಮ್ ಸಮುದ್ರದಾಚೆಯ ದೇಶದಲ್ಲಿದ್ದಾನೆ, ತಾಯಿ ಬದುಕಿರುವುದು ಈಗ ತಾನೇ ಗೊತ್ತಾಗಿದೆ, ಕರೆಸಿಕೊಳ್ಳುತ್ತಾನಂತೆ. ಊರಿಗೆ ಊರೇ ಹಿಗ್ಗಿತು. ಖಾಲಾ ಮಾತ್ರ ಕಾಗದವನ್ನು ಮಡಿಲಲ್ಲಿಟ್ಟುಕೊಂಡು ಪಿಳಿಪಿಳಿ ನೋಡುತ್ತಿದ್ದರು. ಅವರಿಗೆ ಮಗನ ನೆನಪಿರಲಿಲ್ಲ. ಬಂದ ದಿನ ಬರೆಸಿದ ರಿಜಿಸ್ಟರಿನಲ್ಲಿ ಒಬ್ಬ ಮಗ, ಹೆಸರು ಬೆಹ್ನಾಮ್ ಎಂದಿತ್ತು, ಅಷ್ಟೇ. ಇಷ್ಟು ವರ್ಷದ ಊಟಗಳಲ್ಲಿ ಅವನು ತುತ್ತುತುತ್ತಾಗಿ ಯಾರ್ಯಾರ ಪಾಲಿಗೋ ಹೋಗಿಬಿಟ್ಟಿದ್ದ.

ನಿರಾಶ್ರಿತರ ಕಚೇರಿಯಿಂದ ಒಬ್ಬ ಹೆಣ್ಣುಮಗಳು ವಿಚಾರಣೆಗೆ ಬಂದಳು. ಸುಳ್ಳು ತಾಯಂದಿರು, ಸುಳ್ಳು ಮಕ್ಕಳು ಬಹಳವಂತೆ, ಅದಕ್ಕೇ ಪ್ರಶ್ನೆ ಕೇಳಿ ಖಾತ್ರಿ ಮಾಡಿಕೊಳ್ಳುತ್ತಾರೆ. ಆಕೆ ನಮ್ಮೂರಿನ ವಿಷಯ ತಿಳಿದವಳು. ತನ್ನ ಡಬ್ಬಿ, ತನ್ನ ಫ್ಲಾಸ್ಕು ತಂದು ಬಾಗಿಲ ಬಳಿ ದೂರ ಕೂತಳು. ನಾನು ಕಲಾಯಿಗೆ ಒಯ್ದಿದ್ದ ತಟ್ಟೆ ಕೊಡಲು ಹೋದವನು ಗೋಡೆಗೊರಗಿ ನಿಂತೆ. ನಿಮ್ಮ ಮನೆ ಎಲ್ಲಿತ್ತು ಎಂದು ಆಕೆ ಕೇಳಿದಳು. ಖಾಲಾ ಸಂತೋಷದಿಂದ ಮನೆಯ ಹಿಂದೆ ನೀರು, ಜೊಂಡಿನ ದೋಣಿ, ಎಮ್ಮೆಗಳು ಈಜಿಕೊಂಡು ಬರುವುದು ಎಲ್ಲವನ್ನೂ ಹೇಳಿದರು. ಅದು ದಕ್ಷಿಣದ ಜವುಗು ಸೀಮೆ. ಬೆಹ್ನಾಮ್ ಬರೆದದ್ದು ಗೋಧಿ ಬಯಲಿನ ಮನೆ. ಆಕೆ ತಲೆಯೆತ್ತದೆ ಬರೆದುಕೊಂಡು ಕೊನೆಯ ಪ್ರಶ್ನೆ ಓದಿದಳು. ಇದು ಮಗನೇ ಕೇಳಿದ್ದು ಎಂದಳು.

"ನಾನು ಹೊರಟ ದಿನ ಅಮ್ಮ ನೀರು ಚೆಲ್ಲಿದ್ಲು. ಹಿಂದೆ ಏನೋ ಬಿದ್ದ ಸದ್ದಾಯ್ತು. ತಿರುಗಿ ನೋಡಬಾರದು ಅಂತ ನೋಡ್ಲಿಲ್ಲ. ಇಷ್ಟು ವರ್ಷ ಅದೇ ಕೊರೀತಾ ಇದೆ. ಏನು ಬಿತ್ತು, ಅಮ್ಮನೇ ಬಿದ್ಲಾ? ಇದನ್ನ ಕೇಳಿ."

ನನ್ನ ಕೈಯಲ್ಲಿದ್ದ ತಟ್ಟೆ ಭಾರವಾಯಿತು. ಗೊತ್ತಿಲ್ಲಮ್ಮ ಎಂದು ಖಾಲಾ ಹೇಳಿದ್ದು ಕೇಳಿಸಿತು. ಆಕೆ ಕೆಟ್ಟವಳಲ್ಲ, ಮುಂದಿನ ತಿಂಗಳ ಮೊದಲ ಬುಧವಾರ ಇನ್ನೊಮ್ಮೆ ಬರುತ್ತೇನೆ, ವಯಸ್ಸಾದವರಿಗೆ ಒಮ್ಮೊಮ್ಮೆ ತಡವಾಗಿ ನೆನಪಾಗುತ್ತದೆ, ಆಗಲೂ ಇಲ್ಲದಿದ್ದರೆ ಕಡತ ಮುಚ್ಚುತ್ತೇವೆ ಎಂದು ಹೇಳಿ ಹೋದಳು.

ನಾನು ಮನೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಮೊದಲು ನನಗೆ ಬಂದದ್ದು ಸಿಟ್ಟು. ಲೋಕದಲ್ಲಿ ಒಬ್ಬಳ ಕೈಯಿಂದ ಮಾತ್ರ ಬೋಗುಣಿ ಬೀಳುತ್ತದೆಯೇ? ನೀರು ಚೆಲ್ಲಿದ ಹೆಂಗಸರೆಷ್ಟು, ಜಾರಿದ ಪಾತ್ರೆಗಳೆಷ್ಟು. ಬಿದ್ದ ಪಾತ್ರೆಗಳ ಸೊಟ್ಟ ತಿದ್ದಿಯೇ ನಾನು ಹೊಟ್ಟೆ ಹೊರೆದವನು. ಹೀಗೆ ಸಮಾಧಾನ ಮಾಡಿಕೊಂಡು ಮಲಗಿದೆ. ಆದರೆ ಎದ್ದ ಮೇಲೆ ಇನ್ನೊಂದು ಸಂಶಯ ಹೊಕ್ಕಿತು. ನನ್ನ ಆ ಕೊನೆಯ ನೆನಪಿನಲ್ಲಿ ನಜೀಹಾಳ ಮುಖವಿಲ್ಲ. ನೀರು ಕಾಣುತ್ತದೆ, ಬೋಗುಣಿ ಕಾಣುತ್ತದೆ, ಹೊರಟವನ ಬೆನ್ನು ಕಾಣುತ್ತದೆ, ಅವಳು ಕಾಣುವುದಿಲ್ಲ. ನನ್ನ ಬೆನ್ನು ನನಗೆ ಹೇಗೆ ಕಂಡಿತು? ನೆನಪಿನಲ್ಲಿ ಎಲ್ಲರಿಗೂ ತಮ್ಮ ಬೆನ್ನು ಕಾಣುತ್ತದೋ ಏನೋ. ಯಾರನ್ನು ಕೇಳುವುದು? ಊರಿನಲ್ಲಿ ತನ್ನದೇ ನೆನಪು ಇಟ್ಟುಕೊಂಡವನು ನಾನೊಬ್ಬನೇ ತಾನೆ!

ಎರಡು ದಿನ ಒದ್ದಾಡಿ ಕೊನೆಗೆ ದಖೀಲನನ್ನು ಕರೆದೆ. ಅವನು ಅಂಗಡಿ ಬಿಟ್ಟು ಬರುವ ಆಸಾಮಿಯಲ್ಲ, ಆದರೆ ನಾನು ಯಾರನ್ನೂ ಮನೆಗೆ ಕರೆಯದವನಾದ್ದರಿಂದ ಕುತೂಹಲಕ್ಕೆ ಬಂದ. ಅವನ ಕೈಗೆ ನೀರು ತುಂಬಿದ ಬೋಗುಣಿ ಕೊಟ್ಟು, ಬಾಗಿಲಲ್ಲಿ ನಿಲ್ಲಿಸಿ, ನಾನು ಚೀಲ ಹೊತ್ತು ಹೊರಡುತ್ತೇನೆ, ನೀನು ಹಿಂದಿನಿಂದ ಚೆಲ್ಲು ಎಂದೆ.

"ಎಲ್ಲಿಗೆ ಹೊರಟೆ ಉಸ್ತಾ?" ಕಸಬು ಬಲ್ಲವನೆಂದು ನನ್ನನ್ನು ಎಲ್ಲರೂ ಕರೆಯುವುದು ಹಾಗೆ.

"ಎಲ್ಲಿಗೂ ಇಲ್ಲ. ಚೆಲ್ಲು."

ಚೆಲ್ಲಿದ. ಹಿಮ್ಮಡಿ ಒದ್ದೆಯಾಯಿತು. ಎದುರಿಗೆ ಕಂಡದ್ದು ಬೀದಿ, ಒಣಹಾಕಿದ ಬಟ್ಟೆ, ನಗುತ್ತಿದ್ದ ಇಬ್ಬರು ಹೆಂಗಸರು. ಬೋಗುಣಿ ಬೀಳಿಸು ಎಂದೆ. ಬೀಳಿಸಿದ. ಸದ್ದು ಕೇಳಿತು, ಏನೂ ಕಾಣಲಿಲ್ಲ. ಇನ್ನೊಮ್ಮೆ, ಮತ್ತೊಮ್ಮೆ ಹೊರಟು ನೋಡಿದೆ. ಕತ್ತು ತಿರುಗಿಸದೆ ನೀರು ಬೀಳುವುದು ಕಾಣುವುದೇ ಇಲ್ಲ. ಐದನೆಯ ಸಲ ಬೋಗುಣಿಯನ್ನು ನಾನೇ ಇಸಿದುಕೊಂಡು, ನೀನು ನಡಿ ಎಂದು ದಖೀಲನನ್ನು ಕಳಿಸಿ ನನ್ನ ಬಾಗಿಲ ಮೆಟ್ಟಿಲ ಮೇಲಿನಿಂದ ನೀರು ಚೆಲ್ಲಿದೆ. ಆಗ ಕಂಡಿತು. ಹಾರಿದ ನೀರು, ಮಣ್ಣು ಕಪ್ಪಾಗುವುದು, ಹೋಗುವವನ ಬೆನ್ನು, ಎಲ್ಲವೂ ನನ್ನ ನೆನಪಿನಲ್ಲಿದ್ದ ಹಾಗೇ, ಅದೇ ಎತ್ತರದಿಂದ. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ದಖೀಲ ಓಡಿ ಬಂದು ಏನಾಯಿತು ಎಂದು ಕೇಳಿದ. ಹನ್ನೊಂದು ವರ್ಷ ಯಾರ ಜೊತೆಗೂ ಉಣ್ಣದೆ ನಾನು ಕಾದುಕೊಂಡದ್ದು ಬೇರೆಯವರ ಗಂಟು ಎಂದು ಅವನಿಗೆ ಹೇಗೆ ಹೇಳಲಿ? ಬಂದ ದಿನ ಖಾಲಾ ತಟ್ಟೆಯಿಂದ ಹೇಸರಗತ್ತೆಯೊಂದೇ ಅಲ್ಲ, ಅದೂ ನನ್ನ ಪಾಲಿಗೆ ಬಂದಿತ್ತು. ಆ ಬೆನ್ನು ನನ್ನದಲ್ಲ, ಬೆಹ್ನಾಮನದು. ಆ ಕೈ ನಜೀಹಾಳದಲ್ಲ. ಅವಳ ಮುಖ ಅದರಲ್ಲಿ ಯಾಕಿಲ್ಲವೆಂದರೆ ಅವಳು ಅಲ್ಲಿ ಇರಲೇ ಇಲ್ಲ.

ಹಾಗಾದರೆ ನಜೀಹಾ ನನ್ನನ್ನು ಹೇಗೆ ಕಳಿಸಿಕೊಟ್ಟಳು? ತಡಕಿದೆ. ಏನೂ ಸಿಗಲಿಲ್ಲ. ಅದರ ಜಾಗವೂ ಸಿಗಲಿಲ್ಲ.

ನಾಲ್ಕು ದಿನ ನಾನು ಖಾಲಾ ಮನೆಯ ಬೀದಿಗೇ ಹೋಗಲಿಲ್ಲ ಎನ್ನುವುದನ್ನು ಮುಚ್ಚಿಡುವುದಿಲ್ಲ. ಕಳ್ಳನೂ ಅಲ್ಲ, ಕದ್ದದ್ದು ಮಾತ್ರ ಮನೆಯಲ್ಲಿದೆ. ಕೊಟ್ಟುಬಿಟ್ಟರೆ ನನಗೆ ಉಳಿಯುವುದೇನು? ಸುಳ್ಳಾದರೂ ಸರಿ, ಅದನ್ನು ಹಿಡಿದುಕೊಂಡೇ ಇಷ್ಟು ವರ್ಷ ಬೆಳಿಗ್ಗೆ ಏಳುತ್ತಿದ್ದೆ. ಅಷ್ಟರಲ್ಲಿ ಊರಿನವರು ತಮಗೆ ತೋಚಿದ್ದು ಮಾಡುತ್ತಿದ್ದರು. ಒಬ್ಬಳು ಬಂದು ದಡಾರ ಎದ್ದ ಮಗುವೊಂದು ತನ್ನ ನೆನಪಿನಲ್ಲಿದೆ, ನಿಮ್ಮದೇ ಇರಬಹುದು ಎಂದಳಂತೆ. ಇನ್ನೊಬ್ಬರು ಶಾಲೆಯ ಚೀಲವೊಂದನ್ನು ಹೇಳಿದರಂತೆ. ಕೊನೆಗೆ ಹನ್ನೆರಡು ಜನ ಸೇರಿ ಖಾಲಾ ಜೊತೆ ಒಂದೇ ತಟ್ಟೆಯಲ್ಲಿ ಉಂಡರು, ಅವರದು ಅವರಿಗೆ ಹೋಗಲಿ ಎಂದು. ಮಲಗಿ ಎದ್ದ ಖಾಲಾಗೆ ಸಿಕ್ಕಿದ್ದು ಬಸ್ರಾದ ಯಾರದೋ ಮದುವೆ. ಒಂದು ಗಂಟೆ ಹಾಡಿದರಂತೆ, ಆಮೇಲೆ ಅತ್ತರಂತೆ.

ಅದನ್ನು ಕೇಳಿದ ಮೇಲೆ ನನಗೆ ಕೂರಲಾಗಲಿಲ್ಲ. ಹೋಗಿ ಅವರ ಎದುರು ಕೂತು ಎಲ್ಲವನ್ನೂ ಹೇಳಿದೆ. ಬಿದ್ದದ್ದು ಬೋಗುಣಿ, ಮೂರು ಮೆಟ್ಟಿಲು, ನೀವು ಬೀಳಲಿಲ್ಲ, ಇಷ್ಟನ್ನು ಹೇಳಿಬಿಡಿ, ಕೆಲಸ ಆಗುತ್ತದೆ ಎಂದೆ. ನನ್ನ ಒಳಗೆ ಒಂದು ಆಸೆ ಇತ್ತು: ಬಾಯಿಮಾತಿನಲ್ಲೇ ಮುಗಿಯಲಿ, ಅದು ನನ್ನ ಬಳಿಯೇ ಇರಲಿ ಎಂದು. ಖಾಲಾ ತಮ್ಮ ಅಂಗೈ ತಿರುಗಿಸಿ ನೋಡಿಕೊಂಡು ಹೇಳಿದರು.

"ಬಾಯಲ್ಲಿ ಹೇಳಿದ್ರೆ ಅದು ಸುದ್ದಿ ಕಾಜಿಮ್. ಸುದ್ದಿ ಹೇಳಿ ಬಸ್ಸು ಹತ್ತಬಹುದು. ಆಮೇಲೆ? ಯಾರೋ ಗಂಡಸಿನ ಮನೇಲಿ ಹೋಗಿ, ನಾನು ನಿನ್ನಮ್ಮ ಅಂತ ಕೂತ್ಕೊಳ್ಲಾ? ಅವನು ಅಮ್ಮ ಅಂದಾಗ ನನಗೆ ಏನೂ ಅನ್ನಿಸ್ದೇ ಇದ್ರೆ, ಅದು ಅವನಿಗೆ ಗೊತ್ತಾಗೋಲ್ವಾ?"

ಆಮೇಲೆ ಅವರು ಕೇಳಿದರು, ಅದನ್ನ ಕೊಟ್ರೆ ನಿನಗೆ ನಜೀಹಾಂದು ಏನು ಉಳಿಯುತ್ತೆ? ಕೊನೆಯದು ಏನೂ ಉಳಿಯುವುದಿಲ್ಲ ಎಂದೆ. ಹಾಗಾದ್ರೆ ಬೇಡ ಬಿಡು ಎಂದರು. ಅವರು ಹಾಗೆನ್ನದೆ ಇದ್ದಿದ್ದರೆ ನಾನು ಏನಾದರೂ ನೆಪ ಹೇಳಿ ಎದ್ದು ಬರುತ್ತಿದ್ದೆ. ಹಾಗೆಂದದ್ದರಿಂದಲೇ ಬಿಡಲಾಗಲಿಲ್ಲ. ದೊಡ್ಡ ಪಾತ್ರೆ ಕೊಡಿ, ಕಲಾಯಿ ಹೋಗಿದೆ, ಹಾಕಿ ತರುತ್ತೇನೆ, ನಾಡಿದ್ದು ಇಬ್ಬರೇ ಉಣ್ಣೋಣ ಎಂದೆ. ಇಬ್ಬರೇ ಉಂಡರೆ ನನ್ನದು ಅವರಿಗಲ್ಲದೆ ಬೇರೆ ಕಡೆ ಹೋಗಲು ದಾರಿಯಿಲ್ಲ. ಯಾವುದು ಹೋಗುತ್ತದೆ ಎಂಬುದು ಮಾತ್ರ ಯಾರ ಕೈಯಲ್ಲೂ ಇಲ್ಲ. ಬಿಗಿಯಾಗಿ ಹಿಡಿದದ್ದು ಹೋಗುವುದಿಲ್ಲ, ಹಿಡಿತ ಬಿಟ್ಟದ್ದು ಹೋಗುತ್ತದೆ ಎಂದು ಹಳಬರು ಹೇಳುತ್ತಾರೆ. ಬಿಡುವ ಅಭ್ಯಾಸ ನನಗೆಲ್ಲಿತ್ತು?

ಆ ಪಾತ್ರೆಗೆ ಕಲಾಯಿ ಹಾಕಿದಷ್ಟು ನಿಧಾನವಾಗಿ ನಾನು ಯಾವ ಕೆಲಸವನ್ನೂ ಮಾಡಿಲ್ಲ. ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿ ಎರಚಿ, ಹೊಗೆಯೆದ್ದಾಗ ತವರದ ಕಡ್ಡಿ ಮುಟ್ಟಿಸಿ, ಹತ್ತಿಯಿಂದ ಉಜ್ಜಿದೆ. ಕೆಂಪು ತಾಮ್ರ ಬೆಳ್ಳಗಾಯಿತು. ಸಾವಿರ ಪಾತ್ರೆಗೆ ಮಾಡಿದ ಕೆಲಸ, ಆದರೆ ಈ ಸಲ ಒಂದು ಕಡೆ ತವರ ಗಂಟುಕಟ್ಟಿತು. ಹಾಗೆಯೇ ಬಿಟ್ಟೆ. ಆಮೇಲೆ ಚೀಟಿ ತೆಗೆದುಕೊಂಡು ನೆನಪಿದ್ದದ್ದನ್ನೆಲ್ಲ ಬರೆದೆ. ಬರೆಯುತ್ತಿದ್ದ ಹಾಗೆ ಗೊತ್ತಾಯಿತು, ಇಷ್ಟು ವರ್ಷ ಕಾದದ್ದು ಬರೆದರೆ ಎಂಟು ಸಾಲೂ ಆಗುವುದಿಲ್ಲ.

ಶುಕ್ರವಾರ ಮಧ್ಯಾಹ್ನ ಇಬ್ಬರೇ ಕೂತೆವು. ಖಾಲಾ ಪಾತ್ರೆಯನ್ನು ತಟ್ಟೆಗೆ ಬೋರಲು ಹಾಕಿದರು, ಆವಿ ಮುಖಕ್ಕೆ ಹೊಡೆಯಿತು. ಹನ್ನೊಂದು ವರ್ಷದ ಮೇಲೆ ಇನ್ನೊಬ್ಬರ ಬೆರಳು ನನ್ನ ತಟ್ಟೆಯಲ್ಲಿತ್ತು. ನಾಚಿಕೆಯಾಯಿತು, ಹಸಿವೂ ಆಯಿತು, ಮೊದಲ ತುತ್ತಿಗೇ ಅಳು ಬಂತು. ಯಾಕೆಂದು ಕೇಳಬೇಡಿ, ನಮ್ಮಮ್ಮ ಮಾಡಿದ ಹಾಗೇ ಇತ್ತು. ಖಾಲಾ ನೋಡಿಯೂ ನೋಡದ ಹಾಗೆ ದೊಡ್ಡ ಈರುಳ್ಳಿ ಸುರುಳಿಯನ್ನು ನನ್ನ ಕಡೆ ತಳ್ಳಿದರು. ಉಂಡು, ಒಣನಿಂಬೆಯ ಚಹಾ ಕುಡಿದು, ಅವರು ಒಳಗಿನ ಕೋಣೆಯಲ್ಲೂ ನಾನು ಜಗಲಿಯ ಚಾಪೆಯ ಮೇಲೂ ಮಲಗಿದೆವು. ನಿದ್ದೆ ಬರುವವರೆಗೂ ಆ ಬೋಗುಣಿಯ ಸದ್ದನ್ನು ಕೇಳುತ್ತಿದ್ದೆ. ಹೋಗು, ಹೋಗು ಎಂದು ಅದಕ್ಕೆ ಹೇಳಿದೆ.

ಎದ್ದಾಗ ಬಿಸಿಲು ಇಳಿದಿತ್ತು. ಒಳಗಿನಿಂದ ಖಾಲಾ ಅಳುತ್ತಿದ್ದದ್ದು ಕೇಳಿಸಿತು, ದೊಡ್ಡದಾಗಿ, ಬಾಯಿ ತೆರೆದು. ನಡುವೆ ಬೆಹ್ನಾಮ್, ಬೆಹ್ನಾಮ್ ಎನ್ನುತ್ತಿದ್ದರು. ನಾನು ಜೇಬಿನ ಚೀಟಿ ತೆಗೆದು ಓದಿದೆ. ಮೂರು ಮೆಟ್ಟಿಲು, ಬೋಗುಣಿ, ಟಣ್ ಟಣ್. ಯಾರ ಮನೆಯ ಸುದ್ದಿಯೋ. ನನಗೆ ಏನೂ ಅನ್ನಿಸಲಿಲ್ಲ. ಸದ್ಯ ಹೋಯಿತು ಎಂದುಕೊಂಡು ಚಪ್ಪಲಿ ಹುಡುಕುತ್ತಿದ್ದೆ. ಆಗ, ಚಪ್ಪಲಿಗೆ ಕಾಲು ತೂರಿಸುತ್ತಿದ್ದಾಗ, ಒಂದು ಅಡಿಗೆಮನೆ ನೆನಪಾಯಿತು.

ಹೆಂಗಸೊಬ್ಬಳು ನನಗೆ ಬೆನ್ನು ಮಾಡಿ ಹಿಟ್ಟು ನಾದುತ್ತಿದ್ದಾಳೆ. ಮೊಣಕೈವರೆಗೆ ಹಿಟ್ಟು. ಇವಳು ಯಾರ ಹೆಂಡತಿ ಎಂದು ಯೋಚಿಸಿದೆ; ಬೇರೆಯವರ ಮನೆಯೊಳಗೆ ಇಣುಕಿದ ಹಾಗೆ ಮುಜುಗರವಾಯಿತು. ಆಮೇಲೆ ಆ ಮೊಣಕೈ ಗುರುತು ಸಿಕ್ಕಿತು. ರೇಡಿಯೋ ಜೋರಾಗಿ ಹಾಡುತ್ತಿದೆ, ನಾನು ಹೊಸಿಲಲ್ಲಿ ಇದೇ ರೀತಿ ಚಪ್ಪಲಿಗೆ ಕಾಲು ತೂರಿಸುತ್ತಿದ್ದೇನೆ. ನಜೀಹಾ ತಿರುಗದೆಯೇ ಹೇಳುತ್ತಾಳೆ, "ಬರ್ತಾ ಉಪ್ಪು ತಗೊಂಡು ಬಾ. ಪ್ರತೀ ಸಲ ಮರೀತೀಯ." ಹ್ಞೂಂ ಎನ್ನುತ್ತೇನೆ, ಸ್ವಲ್ಪ ಸಿಡುಕಿನಿಂದ. ಬಾಗಿಲು ಸರಿಯಾಗಿ ಹಾಕದೆ ಹೋಗುತ್ತೇನೆ. ಅಷ್ಟೇ. ಬೋಗುಣಿಯಿಲ್ಲ, ನೀರಿಲ್ಲ, ಮೆಟ್ಟಿಲೂ ಇಲ್ಲ. ಪೇಟೆಗೆ ಹೋಗುವವನ ಹಿಂದೆ ಯಾರು ನೀರು ಚೆಲ್ಲುತ್ತಾರೆ?

ನಾನು ಊರು ಬಿಟ್ಟವನೇ ಅಲ್ಲ. ಉಪ್ಪು ತರಲು ಹೋದವನು. ಸೇತುವೆಯ ಈಚೆ ಮಳೆಯಲ್ಲಿ ನಿಂತಾಗ ಕೈಯಲ್ಲಿದ್ದ ಪೊಟ್ಟಣ ಖಾಲಿಯಾಗಿರಲಿಲ್ಲ, ಒಳಗಿನ ಉಪ್ಪು ಕರಗಿತ್ತು. ಬಂದ ದಿನವೇ ಆ ಅಡಿಗೆಮನೆ ಖಾಲಾ ಪಾಲಿಗೆ ಹೋಗಿತ್ತು, ಅವರ ಮೆಟ್ಟಿಲು ನನ್ನ ಪಾಲಿಗೆ ಬಂದಿತ್ತು. ಇಷ್ಟು ವರ್ಷ ನನ್ನ ಹೆಂಡತಿ ಹೇಳಿದ ಮಾತನ್ನು ಆ ಮುದುಕಿ ನಡೆಸಿಕೊಟ್ಟಿದ್ದರು, ಜಾಡಿ ಜಾಡಿ ತುಂಬಿ. ನಾನು ಅವರನ್ನು ರೇಗಿಸಿದ್ದೆ.

ಬುಧವಾರ ಕಚೇರಿಯ ಹೆಣ್ಣುಮಗಳು ಬಂದು ಡಬ್ಬಿ, ಫ್ಲಾಸ್ಕು ಪಕ್ಕಕ್ಕಿಟ್ಟು ಅದೇ ಪ್ರಶ್ನೆ ಓದಿದಳು. ಖಾಲಾ ಈ ಸಲ ಕೇಳಿ ಮುಗಿಸಲೂ ಬಿಡಲಿಲ್ಲ.

"ಬೋಗುಣಿ ಕಣಮ್ಮ. ಕೈ ಜಾರ್ತು. ಕೆಳಗೆ ಹೋಗಿ ಸುತ್ತುತಾ ಇತ್ತು, ನಾನು ಎತ್ಕೊಳ್ಳೋಕೆ ಇಳೀಲಿಲ್ಲ. ಇಳಿದ್ರೆ ನನ್ನ ಹೆಜ್ಜೆ ಸದ್ದಿಗೆ ಅವನು ತಿರುಗಿಬಿಡ್ತಾನೆ ಅಂತ. ಹಾಗೇ ನಿಂತಿದ್ದೆ. ಅವನ ಬಲಗಡೆ ಕಾಲರು ಒಳಗೆ ಮಡಿಚಿಕೊಂಡಿತ್ತು, ಕರೆದು ಸರಿಮಾಡೋ ಹಾಗೂ ಇರ್ಲಿಲ್ಲ."

ಆಕೆ ಬರೆಯುವುದನ್ನು ನಿಲ್ಲಿಸಿದಳು. ನನ್ನ ಚೀಟಿಯಲ್ಲಿ ಕಾಲರು ಇಲ್ಲ, ಇಳಿಯದೆ ನಿಂತದ್ದೂ ಇಲ್ಲ. ಹನ್ನೊಂದು ವರ್ಷ ನೋಡಿದರೂ ನನಗೆ ಅದು ಕಂಡಿರಲಿಲ್ಲ. ನನಗೆ ಕಂಡದ್ದು ಪಾತ್ರೆ ಮಾತ್ರ.

ಒಂದು ತಿಂಗಳಲ್ಲಿ ಕಾಗದಪತ್ರ ಬಂದವು. ಉಪ್ಪಿನ ವಿಷಯವನ್ನು ನಾನು ಖಾಲಾಗೆ ಹೇಳಲಿಲ್ಲ. ಹೇಳಿದರೆ ಅದೂ ಸುದ್ದಿಯಾಗುತ್ತಿತ್ತು. ಹೊರಡುವ ದಿನ ಅವರು ಜಾಡಿಗಳನ್ನೆಲ್ಲ ನನಗೆ ಕೊಟ್ಟರು, ಯಾಕೋ ನಿನಗೇ ಕೊಡಬೇಕು ಅನ್ನಿಸುತ್ತೆ, ಈಗ ನನಗೆ ಉಪ್ಪಿನ ಹುಚ್ಚೇ ಹೋಗಿದೆ ನೋಡು ಎಂದರು. ನೀರು ಮಾತ್ರ ನೀನೇ ಚೆಲ್ಲಬೇಕು ಎಂದರು. ಊರಿನವರೆಲ್ಲ ಬಸ್ಸಿನ ಬಳಿ ಸೇರಿದ್ದರು. ಖಾಲಾ ಎಲ್ಲರ ಕೆನ್ನೆಗೂ ಮುತ್ತಿಟ್ಟು, ನನ್ನ ತಲೆ ಸವರಿ, ಬೆನ್ನು ತಿರುಗಿಸಿ ನಡೆದರು. ನಾನು ಬೋಗುಣಿಯಿಂದ ನೀರು ಚೆಲ್ಲಿದೆ. ಮಣ್ಣು ಕಪ್ಪಾಯಿತು. ಬೋಗುಣಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡೆ, ಇನ್ನೊಂದು ಸದ್ದನ್ನು ಅವರು ಆ ದೇಶಕ್ಕೆ ಹೊತ್ತುಕೊಂಡು ಹೋಗುವುದು ಬೇಡ ಎಂದು. ಅವರು ತಿರುಗಿ ನೋಡಲಿಲ್ಲ.

ಬರುತ್ತಾ ದಖೀಲನ ಅಂಗಡಿಯಲ್ಲಿ ನಿಂತು ಒಂದು ಸೇರು ಉಪ್ಪು ಕೇಳಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಏನ್ ಉಸ್ತಾ, ಮನೆ ತುಂಬಾ ಜಾಡಿ ಇಳಿಸ್ಕೊಂಡಿದೀಯ ಬೆಳಿಗ್ಗೆ."

"ಅದು ಖಾಲಾ ತಂದಿದ್ದು. ಇದು ನನಗೆ ಮನೇಲಿ ತರೋಕೆ ಹೇಳಿದ್ದು."

ಅವನು ಇನ್ನೇನೂ ಕೇಳದೆ ತೂಗಿ ಕಾಗದ ಹರಿದ. ನಾನು ಹೊರಗೆ ಬಗ್ಗಿ ಆಕಾಶ ನೋಡಿದೆ. ಕಾಗದ ಬೇಡ, ಮೋಡ ಆಗಿದೆ, ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಕೊಡು ಎಂದೆ.